ಎರಡನೆಯ ಗಿಳಿ

ಒಂದಾನೊಂದು ಕಾಲದಲ್ಲಿ, ಕಡಲು ಈಗಿರುವುದಕ್ಕಿಂತ ನಾಲ್ಕು ತೆಂಗಿನಮರದಷ್ಟು ದೂರದಲ್ಲಿದ್ದಾಗ, ಕಾಪುವಿನಲ್ಲಿ ಒಬ್ಬ ಸಿಪಾಯಿ ಇದ್ದ. ಅವನ ಎದೆ ಬಾಗಿಲಿನಷ್ಟು ಅಗಲ, ಮಾತು ಮಾತ್ರ ಹಾಲಿನ ಕೆನೆಯಷ್ಟು ಮೆದು. ಎಲ್ಲೋ ದೂರದ ರಾಜರಿಗೆ ಜಗಳ ಹತ್ತಿ ಇವನಿಗೂ ಕರೆ ಬಂತು. ಹೊರಡುವ ದಿನ ಬೆಳಿಗ್ಗೆ ಅವನು ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಎಳೆಯ ತೆಂಗಿನ ಗರಿಯಲ್ಲಿ ಎರಡು ಗಿಳಿ ಹೆಣೆದ. ಒಂದನ್ನು ಅಕ್ಕನ ಮಗಳ ಕೈಗೆ ಕೊಟ್ಟ. ಇನ್ನೊಂದು, ಅವನು ಗದ್ದೆಯ ಅಂಚು ದಾಟುವುದರೊಳಗೆ, ಪುರ್ರೆಂದು ಹಾರಿ ಮೂಡು ದಿಕ್ಕಿಗೆ, ಘಟ್ಟದ ಬುಡಕ್ಕೆ ಹೋಯಿತು. ಸಿಪಾಯಿಯೂ ತಿರುಗಿ ಬರಲಿಲ್ಲ, ಗಿಳಿಯೂ ಬರಲಿಲ್ಲ.

ಈ ಕತೆಯನ್ನು ಹರ್ಷಿಣಿ ತನ್ನ ಸುಂದರಿ ಅಜ್ಜಿಯ ಬಾಯಲ್ಲಿ ಕೇಳಿಕೊಂಡೇ ಬೆಳೆದವಳು. ಗಂಜಿ ಬೇಡವೆಂದಾಗ ಈ ಕತೆ, ಜ್ವರ ಬಂದಾಗ ಈ ಕತೆ. ಸಿಪಾಯಿ ಬೇರೆ ಯಾರೂ ಅಲ್ಲ, ಅಜ್ಜಿಯ ಸ್ವಂತ ಸೋದರಮಾವ ದೂಮಪ್ಪ. ಗಿಳಿ ಕೈಗೆ ಸಿಕ್ಕಿದ ಅಕ್ಕನ ಮಗಳು ಅಜ್ಜಿಯೇ.

"ಓಲೆಯ ಗಿಳಿ ಹೇಗೆ ಹಾರ್ತದೆ ಅಜ್ಜಿ?"

"ಮನಸ್ಸು ಬಂದರೆ ಓಲೆ ಎಂತ, ಕಲ್ಲೂ ಹಾರ್ತದೆ. ಬಾಯಿ ತೆರೆ ನೀನು."

ಆ ಕತೆಯ ಬೀಜವೇ ಮುಂದೆ ವೆಬ್‌ಸೈಟ್ ಆಗಿ ಮೊಳೆಯಿತು. ಹರ್ಷಿಣಿ ಈಗ ಮಣಿಪಾಲದ ಒಂದು ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಕೆಲಸದಲ್ಲಿದ್ದಳು. ಮೂರು ವರ್ಷದ ಹಿಂದೆ, ಸೈನ್ಯದಿಂದ ನಿವೃತ್ತರಾಗಿ ಕಾರ್ಕಳದಲ್ಲಿ ನೆಲೆಸಿದ್ದ ಸುಬೇದಾರ್ ಪಾಸ್ಕಲ್ ಅವರನ್ನು ಜೊತೆಗೆ ಹಾಕಿಕೊಂಡು, ಈ ಕರಾವಳಿಯಿಂದ ಎರಡು ಮಹಾಯುದ್ಧಗಳಿಗೆ ಹೋದವರಿಗಾಗಿ ಒಂದು ತಾಣ ತೆರೆದಳು. ಒಬ್ಬೊಬ್ಬ ಸಿಪಾಯಿಗೆ ಒಂದೊಂದು ಪುಟ. ಮೊದಲ ಪುಟ ದೂಮಪ್ಪನದು. ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಸಮವಸ್ತ್ರದ ಫೋಟೊ, ಅದರ ಕೆಳಗೆ ಹರ್ಷಿಣಿಯೇ ಬರೆದ ನಾಲ್ಕು ಸಾಲು: "ಕಾಪುವಿನವರು. ಬರ್ಮಾ ಗಡಿಯಲ್ಲಿ ಕಾಡು ಕಡಿದು ರಸ್ತೆ ಮಾಡುವ ದಳದಲ್ಲಿದ್ದರು. 1944ರಲ್ಲಿ ಅಲ್ಲಿಯೇ ತೀರಿಕೊಂಡರು. ಅವಿವಾಹಿತ."

ತಾಣದ ಬುಡದಲ್ಲಿ ಇನ್ನೊಂದು ಸಾಲು ಇತ್ತು: "ನಿಮ್ಮ ಅನಿಸಿಕೆ ಬರೆಯಿರಿ. ಪ್ರತಿಯೊಬ್ಬರಿಗೂ ಉತ್ತರ ಕೊಡುತ್ತೇವೆ, ಇದು ನಮ್ಮ ಮಾತು."

ಆ ಮಾತನ್ನು ಅವಳು ಉಳಿಸಿಕೊಂಡೂ ಬಂದಿದ್ದಳು. ಕೋವಿಯ ಚಿತ್ರ ತಪ್ಪೆಂದು ದುಬೈಯಿಂದ ಒಬ್ಬರು ಗದರಿದ್ದರು. ಅವರಿಗೆ ಉತ್ತರ ಹೋಯಿತು. ಸಿಪಾಯಿಗಳ ಪುಟದಲ್ಲಿ ಊಟದ ವಿಷಯ ಎಂತದೂ ಇಲ್ಲವೆಂದು ಪೆರ್ಡೂರಿನ ಒಬ್ಬ ಅಡುಗೆಯವರು ಬೇಸರಪಟ್ಟಿದ್ದರು. ಅವರಿಗೂ ಹೋಯಿತು. "ಸೂಪರ್" ಎಂದಷ್ಟೇ ಬರೆದವರಿಗೂ ಒಂದು ಧನ್ಯವಾದ. ಒಂದೇ ಒಂದು ಅನಿಸಿಕೆ ಮಾತ್ರ ನಾಲ್ಕು ತಿಂಗಳಿಂದ ಹಾಗೆಯೇ ಕೂತಿತ್ತು.

"ನನ್ನ ಮೊಮ್ಮಗ ಲಕ್ಷಿತ್ ಇದನ್ನು ಬರೆಯುತ್ತಿದ್ದಾನೆ, ಹೇಳುತ್ತಿರುವವಳು ನಾನು. ದೂಮಪ್ಪ ಎಂಬವರ ಫೋಟೊ ಮೊಬೈಲಿನಲ್ಲಿ ತೋರಿಸಿದ. ನನ್ನ ಅಪ್ಪನ ಮುಖ ನಾನು ನೋಡಿದ್ದು ಇದೇ ಮೊದಲು. ನನಗೆ ಎಂಬತ್ತೆರಡು. ಕೆಳಗೆ ಎಂತ ಬರೆದಿದ್ದಾರೆ ಓದು ಎಂದೆ. ಅವಿವಾಹಿತ ಎಂದು ಓದಿದ. ಹಾಗಾದರೆ ನಾನು ಯಾರು? ಸರಿ ಮಾಡಿ. ಸುಗಂಧಿ, ಬಜಗೋಳಿ."

ಹರ್ಷಿಣಿ ಇದನ್ನು ಓದಿದ ದಿನ ಅರ್ಧ ಪುಟ ಉತ್ತರ ಬರೆದು ಅಳಿಸಿದ್ದಳು. ಮರುದಿನ "ದಯವಿಟ್ಟು ದಾಖಲೆ ಕಳುಹಿಸಿ" ಎಂದು ಬರೆದು ಅದನ್ನೂ ಅಳಿಸಿದಳು. ಅಪ್ಪನ ಮುಖವನ್ನು ಎಂಬತ್ತೆರಡರಲ್ಲಿ ನೋಡಿದವರ ಹತ್ತಿರ ದಾಖಲೆ ಕೇಳುವ ಬಾಯಿ ಯಾರಿಗಿದೆ? ಯಾರೋ ಬೇರೆ ದೂಮಪ್ಪನ ಮಗಳಿರಬೇಕು, ಹೆಸರು ಒಂದೇ ಆಗಿ ಅವರಿಗೆ ಗೊಂದಲವಾಗಿರಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳಿದಳು. ಒಳಗೊಳಗೆ ಅಳುಕು ಬೇರೆಯೇ ಇತ್ತು. ಆ ಮುದುಕಿ ಹೇಳುವುದು ನಿಜವಾದರೆ ಅಜ್ಜಿಯ ಕತೆ ಏನಾಗಬೇಕು?

ಐದನೆಯ ತಿಂಗಳು ಎರಡನೆಯ ಅನಿಸಿಕೆ ಬಂತು. ಇದು ಲಕ್ಷಿತನ ಸ್ವಂತ ಮಾತು. "ಅಜ್ಜಿ ದಿನಾ ಸಂಜೆ ಕೇಳುತ್ತಾರೆ, ಉತ್ತರ ಬಂತಾ ಎಂದು. ಇಲ್ಲ ಎಂದು ಹೇಳಿ ನನಗೆ ಸಾಕಾಯಿತು. ಕೊಡುವುದಿಲ್ಲ ಎಂದಾದರೂ ಹೇಳಿ."

ಹರ್ಷಿಣಿ ಮಧ್ಯಾಹ್ನದ ಊಟ ಬಿಟ್ಟು ಪಾಸ್ಕಲ್ ಅವರಿಗೆ ಫೋನ್ ಮಾಡಿ ಎರಡೂ ಅನಿಸಿಕೆ ಓದಿ ಹೇಳಿದಳು.

"ಅಂಕಲ್, ದೂಮಪ್ಪಜ್ಜನ ಪುಟ. ದಾಖಲೆ ಇಲ್ಲದೆ ಒಂದು ಅಕ್ಷರವೂ ಹಾಕಬಾರದು ಅಂತ ನೀವೇ ಅಲ್ವಾ ಕಾನೂನು ಮಾಡಿದ್ದು?"

"ಹೌದು, ನಾನೇ. ಈಗಲೂ ಅದೇ ಕಾನೂನು."

"ಹಾಗಾದರೆ ಮಗಳು ಅಂತ ಹೇಗೆ ಹಾಕುವುದು?"

"ಅದು ಆಮೇಲೆ. ಮೊದಲು ನೀನು ಹೇಳು. ಅವಿವಾಹಿತ ಅಂತ ಯಾವ ಕಾಗದದಲ್ಲಿ ಉಂಟು?"

ಹರ್ಷಿಣಿ ಕಂಪ್ಯೂಟರಿನಲ್ಲಿ, ದೂಮಪ್ಪ ಸೈನ್ಯಕ್ಕೆ ಸೇರುವಾಗ ತುಂಬಿಸಿದ ಹಳೆಯ ನಮೂನೆ ತೆರೆದಳು. ಹೆಸರು, ಊರು, ಎತ್ತರ, ಎಡ ಮೊಣಕೈಯ ಮೇಲೆ ಮಚ್ಚೆ. ವಾರಸುದಾರರು: ಅಕ್ಕ. ಅಷ್ಟೇ. ಹೆಂಡತಿಯ ಹೆಸರಿಲ್ಲ ನಿಜ, ಮದುವೆಯಾಗಿಲ್ಲ ಎಂದೂ ಎಲ್ಲಿಯೂ ಇಲ್ಲ.

"ಅಕ್ಕ ಅಂತ ಉಂಟು ಅಂಕಲ್. ಹೆಂಡತಿ ಇದ್ದರೆ ಅವಳ ಹೆಸರು ಬರೆಸುತ್ತಿರಲಿಲ್ವಾ?"

ಪಾಸ್ಕಲ್ ಆಚೆಯಿಂದ ಉಸಿರು ಬಿಟ್ಟರು. "ಎಂತ ಮಾರಾಯ್ತಿ, ತುಳುವರ ಮನೆಯಲ್ಲಿ ಹುಟ್ಟಿದವಳು ನೀನು. ನಾನು ಪುರ್ಬು, ಇಗರ್ಜಿಗೆ ಹೋಗುವವ, ನಿನಗೆ ಅಳಿಯಕಟ್ಟು ಹೇಳಿಕೊಡಬೇಕಾ? ಆಗ ಗಂಡಸು ಅಂದರೆ ಅವನ ತಾಯಿ ಮನೆಯವನು. ವಾರಸು ಯಾರು ಅಂತ ಸಾಹೇಬ ಕೇಳಿದರೆ ಅವನು ಅಕ್ಕನ ಹೆಸರು ಹೇಳದೆ ಮತ್ತೆ ಯಾರದ್ದು ಹೇಳುವುದು? ಹೆಂಡತಿ ಮಕ್ಕಳು ಅವರ ತಾಯಿಯ ಮನೆಯ ಲೆಕ್ಕಕ್ಕೆ. ಕಾಗದದಲ್ಲಿ ಇದ್ದದ್ದು ಒಂದೇ ಗೆರೆ. ಒಂದು ಗೆರೆಯಲ್ಲಿ ಹಿಡಿಸುವುದು ಒಬ್ಬರೇ."

ಮತ್ತೆ ಅವರೇ ಹೇಳಿದರು, "ಕಂಡವರು ಯಾರಾದರೂ ಇದ್ದರೆ ಕೇಳು. ಕಣ್ಣಾರೆ ಕಂಡವರ ಮಾತೂ ದಾಖಲೆಯೇ."

ಕಂಡವರು ಒಬ್ಬರೇ ಉಳಿದಿದ್ದರು. ಭಾನುವಾರ ಹರ್ಷಿಣಿ ಕಾಪುವಿನ ಮನೆಗೆ ಹೋದಳು. ಎಂಬತ್ತೊಂಬತ್ತರ ಸುಂದರಿ ಅಜ್ಜಿ ಚಾವಡಿಯ ಕಟ್ಟೆಯಲ್ಲಿ ಕೂತು ಹರ್ಷಿಣಿಯ ಅಮ್ಮ ಹೆಚ್ಚುತ್ತಿದ್ದ ಹಲಸಿನ ಗುಜ್ಜೆಗೆ ಹೆಸರಿಡುತ್ತಿದ್ದರು. "ಹೋಳು ಅಷ್ಟು ದೊಡ್ಡ ಮಾಡಿದರೆ ನುಂಗಲಿಕ್ಕೆ ಆನೆ ಬರಬೇಕು."

ಹರ್ಷಿಣಿ ಎದುರು ಕೂತು ಮೊಬೈಲಿನಲ್ಲಿದ್ದ ಅನಿಸಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. "ಸುಗಂಧಿ, ಬಜಗೋಳಿ" ಎಂಬಲ್ಲಿಗೆ ಬಂದಾಗ ಅಜ್ಜಿ ಮೊಣಕಾಲು ತಿಕ್ಕುವುದನ್ನು ನಿಲ್ಲಿಸಿದರು.

"ಬದುಕಿದ್ದಾಳಾ?" ಎಂದರು ಅಜ್ಜಿ.

ಅಂಗಳದಲ್ಲಿ ಕಾಗೆಯೊಂದು ಒಣಗಲು ಹಾಕಿದ ಹಪ್ಪಳಕ್ಕೆ ಬಾಯಿಟ್ಟಿತು. ಯಾರೂ ಓಡಿಸಲಿಲ್ಲ.

"ಅಜ್ಜಿ, ನಿಮಗೆ ಗೊತ್ತಿತ್ತಾ?"

"ನನಗೆ ಆಗ ಏಳು ವರ್ಷ ಮಗಾ. ಮಾಮಿ ಇದ್ದರು. ಮಾಮಿ ಅಂತಲೇ ಕರೆಯುತ್ತಿದ್ದದ್ದು, ಹೆಸರು ಸಹ ಗೊತ್ತಿಲ್ಲ ನೋಡು. ಮೂರು ತಿಂಗಳ ಕೂಸು ಇತ್ತು. ಮಾವ ಎರಡು ಗಿಳಿ ಹೆಣೆದದ್ದು ಒಂದು ನನಗೆ, ಒಂದು ಕೂಸಿಗೆ. ಕೂಸಿನದ್ದನ್ನು ತೊಟ್ಟಿಲಿಗೆ ಕಟ್ಟಿ ಹೋದರು."

"ಆಮೇಲೆ?"

"ತಂತಿ ಬಂತು. ಗಂಡ ಸತ್ತ ಮೇಲೆ ಹೆಂಡತಿ ಆ ಮನೆಯಲ್ಲಿ ಇರಲಿಕ್ಕಿಲ್ಲ, ಮಕ್ಕಳನ್ನು ಎತ್ತಿಕೊಂಡು ತನ್ನ ತಾಯಿ ಮನೆಗೆ ಹೋಗಬೇಕು. ಆಗಿನ ಕಟ್ಟು ಹಾಗೆ. ಯಾರೂ ಬೈಯಲಿಲ್ಲ, ದೂಡಲಿಲ್ಲ. ನನ್ನ ಅಮ್ಮ ಅಳುತ್ತಾ ಅವರಿಗೆ ಬುತ್ತಿ ಕಟ್ಟಿ ಕೊಟ್ಟರು. ಕೂಸನ್ನು ಹೆಗಲಿಗೆ ಹಾಕಿಕೊಂಡು ಮಾಮಿ ಗದ್ದೆಯ ಅಂಚಿನಲ್ಲಿ ನಡೆದುಹೋದರು. ಗಿಳಿ ತೊಟ್ಟಿಲಲ್ಲಿಯೇ ಉಳಿಯಿತು."

ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡರು. "ನಾನು ನೋಡಿದೆ. ಓಡಿಹೋಗಿ ಕೊಡಬಹುದಿತ್ತು. ಅಂಚು ದಾಟುವವರೆಗೂ ಸಮಯ ಇತ್ತು. ಕೊಡಲಿಲ್ಲ. ಮಾವನ ಗಿಳಿ ನಮ್ಮ ಮನೆಯದ್ದು ಅಂತ ಒಂದು ಹಟ. ಎರಡನ್ನೂ ನಾನೇ ಇಟ್ಟುಕೊಂಡೆ. ಎರಡೂ ಒಣಗಿ ಪುಡಿಯಾಯಿತು. ಇನ್ನೊಂದು ಎಲ್ಲಿ ಅಂತ ಅಮ್ಮ ಕೇಳಿದಾಗ ಹಾರಿಹೋಯಿತು ಅಂದೆ. ಮತ್ತೆ ನಿನಗೂ ಅದೇ ಹೇಳಿದೆ. ಹೇಳಿ ಹೇಳಿ ನನಗೇ ಅದು ನಿಜ ಅನ್ನಿಸಲಿಕ್ಕೆ ಸುರುವಾಯಿತು."

ಬಾಲ್ಯವಿಡೀ ಹರ್ಷಿಣಿ ಆ ಹಕ್ಕಿಯ ಹಿಂದೆ ಹಾರಿದ್ದಳು. ಘಟ್ಟದ ಕಾಡಿನಲ್ಲಿ ಅದಕ್ಕೊಂದು ಗೂಡು ಕಟ್ಟಿಕೊಟ್ಟಿದ್ದಳು. ಅದು ಇಷ್ಟು ವರ್ಷ ಈ ಚಾವಡಿಯಲ್ಲಿಯೇ, ಒಂದು ಮಗುವಿನ ಮುಷ್ಟಿಯಲ್ಲಿ ಸಿಕ್ಕಿಕೊಂಡಿತ್ತು.

"ಉತ್ತರ ಬರೆಯಬೇಕು ಅಜ್ಜಿ. ಹೆಂಡತಿ ಅಂತ ಬರೆದು ಹೆಸರು ಹಾಕಬೇಕು. ಮಾಮಿ ಅಂತ ಹಾಕಲಿಕ್ಕೆ ಆಗ್ತದಾ?"

"ಹೆಸರು ಮಗಳ ಹತ್ತಿರ ಉಂಟಲ್ಲ. ಹೋಗಿ ಕೇಳು. ನನ್ನ ಮೊಣಕಾಲು ಬಸ್ಸು ಹತ್ತುವುದಿಲ್ಲ." ಅಜ್ಜಿ ಅಂಗಳದ ಗಿಡ್ಡ ತೆಂಗಿನ ಸಸಿಯ ಕಡೆ ಗಲ್ಲ ಎತ್ತಿದರು. "ಹೋಗುವ ಮೊದಲು ನನಗೆ ಅದರ ಎಳೆಯ ಗರಿ ಎರಡು ಎಳೆದು ಕೊಡು. ಕಡ್ಡಿ ತೆಗೆದು ಕೊಡಬೇಕು, ನನಗೆ ಕಣ್ಣು ಕಾಣುವುದಿಲ್ಲ."

ಕಣ್ಣು ಕಾಣದಿದ್ದರೂ ಬೆರಳಿಗೆ ದಾರಿ ನೆನಪಿತ್ತು. ಮಡಚಿ, ತೂರಿಸಿ, ಎಳೆದು, ಎರಡು ಸಲ ತಪ್ಪಿ, ಒಂದು ಸಲ ಗರಿಯನ್ನೇ ಬೈದು, ಅಂತೂ ಹಸಿರು ಕೊಕ್ಕು ಹೊರಗೆ ಬಂತು.

ಮರುದಿನ ರಜೆ ಹಾಕಿ ಹರ್ಷಿಣಿ ಉಡುಪಿಯಲ್ಲಿ ಕಾರ್ಕಳದ ಬಸ್ಸು ಹತ್ತಿದಳು. ಮಡಿಲಲ್ಲಿದ್ದ ಗಿಳಿಯನ್ನು ನೋಡಿ ಕಂಡಕ್ಟರ್ ಕೇಳಿದ, "ಇದಕ್ಕೆ ಅರ್ಧ ಟಿಕೇಟಾ ಅಕ್ಕ?"

"ಇದು ಎಂಬತ್ತು ವರ್ಷ ತಡವಾಗಿ ಹೋಗ್ತಾ ಉಂಟು ಅಣ್ಣ."

"ಹಾಗಾದರೆ ಸೀನಿಯರ್ ಸಿಟಿಜನ್" ಎಂದು ಅವನು ಮುಂದಿನ ಸೀಟಿಗೆ ಹೋದ. ಕಾರ್ಕಳದಲ್ಲಿ ಬಸ್ಸು ಬದಲಿಸಿ ಅವಳು ಬಜಗೋಳಿ ಸೇರುವಾಗ ಹತ್ತೂವರೆ.

ಹಂಚಿನ ಸಣ್ಣ ಮನೆ. ಜಗಲಿಯಲ್ಲಿ ಬಿಳಿ ಕೂದಲಿನ ಹೆಂಗಸೊಬ್ಬರು ಗೆರಸೆ ಇಟ್ಟುಕೊಂಡು ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತಿದ್ದರು. ಅಗಲವಾದ ಹಣೆ, ಒಂದಿಷ್ಟು ಹೊರಗೆ ಚಾಚಿದ ಕಿವಿ. ಫೋಟೊದಲ್ಲಿ ಟೊಪ್ಪಿಯ ಕೆಳಗೆ ಇದ್ದದ್ದೂ ಅದೇ ಕಿವಿ. ಗೇಟಿನಲ್ಲಿ ನಿಂತ ಹರ್ಷಿಣಿಗೆ ಬೇರೆ ದಾಖಲೆ ಬೇಕಾಗಲಿಲ್ಲ.

"ನಾನು ಆ ವೆಬ್‌ಸೈಟಿನವಳು ಅಮ್ಮ. ಉತ್ತರ ಕೊಡಲಿಕ್ಕೆ ಬಂದೆ."

ಸುಗಂಧಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನೀನಾ? ದೊಡ್ಡ ಮೀಸೆಯ ಮಿಲಿಟರಿಯವರು ಯಾರಾದರೂ ಅಂತ ನಾನು ಗ್ರಹಿಸಿದ್ದೆ. ಲಕ್ಷಿತ್ ಕಲ್ಲುಕೋರೆಯ ಆಫೀಸಿಗೆ ಹೋಗಿದ್ದಾನೆ. ಕೂತುಕೋ. ನೀರು ಬೆಲ್ಲ ತರ್ತೇನೆ."

"ಮೊದಲು ಒಂದು ಮಾತು ಹೇಳಬೇಕು." ಹರ್ಷಿಣಿ ನಿಂತೇ ಇದ್ದಳು. "ನಾನು ಕಾಪುವಿನ ಆ ಮನೆಯವಳೇ. ದೂಮಪ್ಪಜ್ಜನ ಅಕ್ಕನ ಮಗಳು ಸುಂದರಿ, ಅವರ ಮೊಮ್ಮಗಳು."

ಗೆರಸೆಯಲ್ಲಿ ಬೆರಳುಗಳು ನಿಂತವು. "ಆ ಮನೆಯವಳೇ ನಾನಿಲ್ಲ ಅಂತ ಬರೆದದ್ದು" ಎಂದರು ಸುಗಂಧಿ. ದನಿ ಏರಲಿಲ್ಲ. ಏರಿದ್ದರೆ ಹರ್ಷಿಣಿಗೆ ಸುಲಭವಾಗುತ್ತಿತ್ತು.

"ಹೌದು. ಕಾಗದದಲ್ಲಿ ಇಲ್ಲದ್ದನ್ನು ನಾನು ಬರೆದೆ. ತಪ್ಪು ನನ್ನದು. ಐದು ತಿಂಗಳು ಸುಮ್ಮನೆ ಕೂತದ್ದೂ ತಪ್ಪು."

ಸುಗಂಧಿ ಒಂದು ಬೀಜ ಎತ್ತಿ, ಸಿಪ್ಪೆ ಬಿಡಿಸದೆ ಪುನಃ ಕೆಳಗಿಟ್ಟರು. "ಅಮ್ಮ ಆ ಮನೆಗೆ ಒಂದು ಕೆಟ್ಟ ಮಾತು ಆಡಿದವರಲ್ಲ. ಮತ್ತೆ ಮದುವೆಗೂ ಒಪ್ಪಲಿಲ್ಲ. ಶಾಲೆಗೆ ಸೇರಿಸುವಾಗ ಅಪ್ಪನ ಹೆಸರು ಕೇಳಿದರು, ಅಮ್ಮ ಹೇಳಿದರು, ಮಾಸ್ಟ್ರು ನನ್ನ ಸೋದರಮಾವನ ಹೆಸರು ಬರೆದುಕೊಂಡರು. ನನ್ನ ಯಾವ ಕಾಗದದಲ್ಲಿಯೂ ಅವರಿಲ್ಲ. ಅವರ ಕಾಗದದಲ್ಲಿ ನಾನಿಲ್ಲ." ತಲೆ ಎತ್ತಿದರು. "ಅಮ್ಮ ಒಂದನ್ನು ಮಾತ್ರ ಸಾಯುವವರೆಗೆ ಹೇಳುತ್ತಿದ್ದರು. ನಿನ್ನಪ್ಪ ತೊಟ್ಟಿಲಿಗೆ ಗಿಳಿ ಕಟ್ಟಿದ್ದರು, ಗಡಿಬಿಡಿಯಲ್ಲಿ ಮರೆತು ಬಂದೆ ಅಂತ."

ಹರ್ಷಿಣಿ ಚೀಲದಿಂದ ಗಿಳಿ ತೆಗೆದಳು. ಬಸ್ಸಿನ ಸೆಕೆಗೆ ಬಾಲ ಸ್ವಲ್ಪ ಬಾಡಿತ್ತು. "ಸುಂದರಿ ಅಜ್ಜಿ ಕಳುಹಿಸಿದ್ದು. ನಿಮ್ಮದನ್ನು ಅವರು ಇಟ್ಟುಕೊಂಡಿದ್ದರಂತೆ. ಹೇಳು ಅಂದರು."

ಸುಗಂಧಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕೊಕ್ಕನ್ನು ಹೆಬ್ಬೆರಳಿನಿಂದ ಸವರಿದರು. ಅತ್ತರೋ ಇಲ್ಲವೋ, ತಲೆ ಬಗ್ಗಿಸಿದ್ದರಿಂದ ಕಾಣಲಿಲ್ಲ. ಕೊನೆಗೆ, "ನಿನ್ನ ಅಜ್ಜಿ ನನಗೆ ಅತ್ತಿಗೆ ಆಗಬೇಕು, ಅಲ್ವಾ?" ಎಂದರು. "ಅತ್ತಿಗೆಯ ಕೈ ಸ್ವಲ್ಪ ಒರಟು. ಬಾಲ ಸಡಿಲ ಆಗಿದೆ."

"ಅಮ್ಮನ ಹೆಸರು ಹೇಳಿ" ಎಂದಳು ಹರ್ಷಿಣಿ, ಮೊಬೈಲ್ ತೆಗೆದು.

"ಪೂವಕ್ಕ. ಬರೆ, ಪೂವಕ್ಕ."

ಜಗಲಿಯ ಮೆಟ್ಟಿಲಲ್ಲಿ ಕೂತು ಅವಳು ಮೊದಲು ಪುಟವನ್ನು ತಿದ್ದಿದಳು, ಆಮೇಲೆ ಉತ್ತರ ಬರೆದಳು. ಬರೆದದ್ದನ್ನು ಗಟ್ಟಿಯಾಗಿ ಓದಿದಳು. "ಸುಗಂಧಿ ಅವರಿಗೆ. ನೀವು ಹೇಳಿದ್ದು ಸರಿ. ದೂಮಪ್ಪ ಅವರ ಪುಟದಲ್ಲಿ ಅವಿವಾಹಿತ ಎಂಬ ಪದವನ್ನು ತೆಗೆದಿದ್ದೇವೆ. ಈಗ ಅಲ್ಲಿ ಹೀಗಿದೆ: ಹೆಂಡತಿ ಪೂವಕ್ಕ, ಬಜಗೋಳಿ. ಮಗಳು ಸುಗಂಧಿ. ಕಣ್ಣಾರೆ ಕಂಡು ಹೇಳಿದವರು, ಅಕ್ಕನ ಮಗಳು ಸುಂದರಿ, ಕಾಪು. ತಡವಾದದ್ದಕ್ಕೆ ಕ್ಷಮೆ ಇರಲಿ."

"ಮಗಳು ಎಂಬಲ್ಲಿ ಇನ್ನೊಮ್ಮೆ ಓದು."

ಹರ್ಷಿಣಿ ಇನ್ನೊಮ್ಮೆ ಓದಿದಳು. ಸುಗಂಧಿ ಗಿಳಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಸಾಕು ಎಂಬಂತೆ ತಲೆಯಾಡಿಸಿದರು. ಮನೆಯ ಹಿಂದಿನ ಗುಡ್ಡದ ಮರೆಗೆ ನೆಟ್‌ವರ್ಕ್ ಒಂದೇ ಗೆರೆ ತೋರಿಸುತ್ತಿತ್ತು. ಹರ್ಷಿಣಿ ಎದ್ದು ಅಂಗಳದ ನಡುವೆ ಬಂದು, ಮೊಬೈಲನ್ನು ತುಸು ಮೇಲೆ ಹಿಡಿದು, ಕಳುಹಿಸುವ ಗುಂಡಿ ಒತ್ತಿದಳು. ಚಕ್ರ ಸುತ್ತಿತು, ಸುತ್ತಿತು, ನಿಂತಿತು. ಉತ್ತರ ಹೋಯಿತು.