ಕೆಂಪು ವ್ಯಾನಿನ ಹಿಂದಿನ ಅಚ್ಚು

ಮಗಳ ಯೂನಿಫಾರ್ಮ್ ಹಿಂಡಿ ಆಕೆ ಇನ್ನೇನು ತಂತಿಗೆ ಹಾಕಬೇಕು, ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಅಣ್ಣ ನಿಂತಿದ್ದ. ಪಕ್ಕದಲ್ಲಿ ಚರ್ಮದ ಚೀಲ ಹಿಡಿದ ಹಿರಿಯರೊಬ್ಬರು.

"ಹಳೇ ಆಟಿಕೆ ಕಾರುಗಳ ವ್ಯಾಪಾರಿ ಇವರು. ನಿನ್ನ ಬೀರು ನೋಡ್ಬೇಕಂತೆ," ಎಂದ ಅಣ್ಣ, ಚಪ್ಪಲಿ ಬಿಡುತ್ತಲೇ.

ಗಾಜಿನ ಬೀರುವಿನಲ್ಲಿ ಸಾಲಾಗಿ ನಿಂತಿದ್ದ ಪುಟ್ಟ ಲೋಹದ ಕಾರುಗಳನ್ನು ಕಂಡಾಗಲೆಲ್ಲ "ಮಗಳು ಹುಟ್ಟಿದ್ರೂ ನಿನ್ನ ಆಟ ಮುಗೀಲಿಲ್ವಲ್ಲೇ" ಎಂದು ನಗುತ್ತಿದ್ದವನೂ ಇವನೇ. ಗುಜರಿ ಅಂಗಡಿಗಳ ಧೂಳು ಕುಡಿದು ಆಕೆ ಒಂದೊಂದಾಗಿ ಕೂಡಿಸಿದ ಕಾರುಗಳು ಅವು. ಈಗೇಕೆ ಬಂದ ಎಂದು ಕೇಳುವ ಮೊದಲೇ ಅಣ್ಣ ಬೀರುವಿನ ಬಾಗಿಲು ತೆರೆದಿದ್ದ.

ವ್ಯಾಪಾರಿ ಬೀರುವಿನ ಮುಂದೆ ಕೂತು ಒಂದೊಂದನ್ನೂ ಮಗುಚಿ ತಳ ನೋಡಿದರು. ಕೆಂಪು ವ್ಯಾನು ಕೈಗೆ ಬಂದಾಗ ಮಾತ್ರ ಭೂತಗನ್ನಡಿ ತೆಗೆದರು.

"ಇದನ್ನ ಹುಡುಕ್ತಾ ಎಷ್ಟು ಊರು ಸುತ್ತಿದೀನಿ ಅಂತೀರಿ! ಬಣ್ಣ ಕೂಡ ಕಾರ್ಖಾನೇದೇ. ಆದ್ರೆ..." ಹಿಂದಿನ ಚಕ್ರ ತಿರುಗಿಸಿದರು. "ಇದೇನಮ್ಮ ಅಚ್ಚು? ಹೇರ್‌ಪಿನ್ನಾ?"

"ಹೌದು, ನನ್ನ ಜಡೇದು. ಎರಡನೇ ಕ್ಲಾಸಲ್ಲಿದ್ದಾಗ ಹಾಕಿದ್ದು."

"ಬೆಲೆ ಅರ್ಧಕ್ಕೆ ಇಳಿಸ್ಬಿಟ್ರಲ್ಲ! ಇರ್ಲಿ, ಇದನ್ನ ಕಿತ್ತು ಆ ಕಾಲದ್ದೇ ಅಚ್ಚು ಕೂರಿಸ್ತೀನಿ."

"ಅಮ್ಮಾ, ಒಂದು ಕೇಳ್ಲಾ?" ಪರದೆಯ ಹಿಂದಿನಿಂದ ಮಗಳು.

"ಆಮೇಲೆ ಚಿನ್ನ."

"ಕೀಳಿ, ಕೀಳಿ," ಎಂದ ಅಣ್ಣ. "ವ್ಯಾನು ನಂದೇ. ಅಪ್ಪ ನನ್ನ ಹುಟ್ಟುಹಬ್ಬಕ್ಕೆ ತಂದಿದ್ದು. ಇವಳ ಹತ್ರ ಉಳ್ಕೊಂಡಿದೆ, ಅಷ್ಟೆ."

"ಉಳ್ಕೊಂಡಿದ್ದಲ್ಲ. ಕಲ್ಲಿಗೆ ಹೊಡ್ದು, ಮುರಿದು ಕಸಕ್ಕೆ ಎಸೆದೆ ನೀನು. ನಾನು ಎತ್ಕೊಂಡೆ."

"ಎತ್ಕೊಂಡ್ರೆ ನಿಂದಾಗ್ಬಿಡುತ್ತೇನೇ?"

ವ್ಯಾಪಾರಿಯ ಕೈಗೆ ಆಗಲೇ ಸಣ್ಣ ಇಕ್ಕಳ ಬಂದಿತ್ತು. ಆಕೆ ಒದ್ದೆ ಕೈಯಲ್ಲೇ ವ್ಯಾನನ್ನು ಕಸಿದುಕೊಂಡಳು.

"ತಪ್ಪು ತಿಳ್ಕೋಬೇಡಿ ಸ್ವಾಮಿ. ಬೆಲೆ ಕಟ್ಟಿ ಅಂತ ನಾನು ನಿಮ್ಮನ್ನ ಕರೀಲಿಲ್ಲ. ಆ ಪಿನ್ನು ಅಲ್ಲೇ ಇರುತ್ತೆ." ಅಣ್ಣನ ಕಡೆ ತಿರುಗಿದಳು. "ಮುರಿದಿದ್ದು ನಿಂದು. ಓಡ್ತಿರೋದು ನಂದು. ಬೇಕಾದ್ರೆ ನೋಡ್ಕೋ."

ನೆಲದ ಮೇಲಿಟ್ಟು ನೂಕಿಯೇ ಬಿಟ್ಟಳು. ಅಷ್ಟು ವರ್ಷ ಗಾಜಿನೊಳಗಿದ್ದ ವ್ಯಾನು ಕುಲುಕುತ್ತ, ಕಿರುಗುಟ್ಟುತ್ತ ಅಣ್ಣನ ಕಾಲಿನ ಪಕ್ಕದಲ್ಲೇ ಹಾದು ಹೋಯಿತು.

"ಹುಷಾರಮ್ಮಾ, ಬಣ್ಣ!" ಎಂದು ವ್ಯಾಪಾರಿ ಅರ್ಧ ಎದ್ದರು. ಆಮೇಲೆ ಇಕ್ಕಳವನ್ನು ಚೀಲಕ್ಕೆ ಹಾಕಿಕೊಂಡು, "ಅಣ್ಣ-ತಂಗಿ ಜಗಳಕ್ಕೆ ರೇಟು ಹೇಳೋದು ನಂಗೆ ಬರಲ್ಲಪ್ಪ," ಎಂದರು.

"ಅಪ್ಪ ಇದ್ದಿದ್ರೆ ಹೇಳ್ತಿದ್ರು, ಯಾರದ್ದು ಅಂತ," ಅಣ್ಣ ಗೊಣಗಿದ.

ಮಗಳು ಪರದೆ ಸರಿಸಿ ಹೊರಗೆ ಬಂದಳು. ಗೋಡೆಗೆ ತಾಗಿ ನಿಂತಿದ್ದ ವ್ಯಾನನ್ನು ಎತ್ತಿ ಎರಡೂ ಅಂಗೈಗಳಲ್ಲಿ ಹಿಡಿದಳು. ಈ ಸಲ ಯಾರ ಅಪ್ಪಣೆಗೂ ಕಾಯಲಿಲ್ಲ.

"ಮಾವ, ನಿಮ್ಮ ಹುಟ್ಟುಹಬ್ಬಕ್ಕೆ ತಾತ ಇದನ್ನ ತಂದ್ರು. ಅಮ್ಮನ ಹುಟ್ಟುಹಬ್ಬಕ್ಕೆ ಏನು ತಂದಿದ್ರು?"