ಸಂಕವ್ವನ ಓಣಿಯ ತಟ್ಟೆ

ನಾನು ಒಂದು ಸ್ಟೀಲ್ ತಟ್ಟೆ. ಕಾರ್ಖಾನೆಯಲ್ಲಿ ತಗಡಿನಿಂದ ಒತ್ತಿ ತೆಗೆದಾಗ ನನ್ನ ಮೈ ಕನ್ನಡಿಯಂತಿತ್ತು. ಗದಗಿನ ಪಾತ್ರೆ ಅಂಗಡಿಯಲ್ಲಿ ನನ್ನ ಅಂಚಿಗೆ ‘ಚಿ. ಸೌ. ಪ್ರಭಾವತಿಗೆ ಸೋದರತ್ತೆಯಿಂದ’ ಎಂದು ಚುಕ್ಕಿ ಚುಕ್ಕಿಯಾಗಿ ಕೊರೆದರು. ಮದುವೆಯ ಉಡುಗೊರೆಯಾಗಿ ಹೋದೆ. ಆದರೆ ಪ್ರಭಾವತಿಯ ಮನೆಯಲ್ಲಿ ತಟ್ಟೆಗಳಿಗೇನು ಬರವೇ? ಹಳೇ ಪೇಪರಿನಲ್ಲಿ ಸುತ್ತಿ ಅಟ್ಟಕ್ಕೇರಿಸಿದರು. ಹನ್ನೊಂದು ವರ್ಷ ಒಂದು ಅಗುಳು ಅನ್ನ ನನ್ನ ಮೈ ಸೋಕಲಿಲ್ಲ.

ನನ್ನನ್ನು ಕೆಳಗಿಳಿಸಿದವಳು ಸಂಕವ್ವ. ಪ್ರಭಾವತಿಯ ಓಣಿಯ ತುದಿಯಲ್ಲಿ ಮೂರು ಎಮ್ಮೆ ಕಟ್ಟಿಕೊಂಡು ಹಾಲು ಮಾರುತ್ತಿದ್ದವಳು. ಓಣಿಯ ಹಿಂದೆ ಒಂದು ಮದುವೆ ಮಂಟಪವಿತ್ತು. ಊಟವಾದ ಮೇಲೆ ಪ್ಲಾಸ್ಟಿಕ್ ತಟ್ಟೆಗಳನ್ನು ಅನ್ನ ಸಾರಿನ ಸಮೇತ ಗಟಾರದ ಪಕ್ಕ ಸುರಿಯುತ್ತಿದ್ದರು. ಆ ವಾಸನೆಗೆ ಹೋದ ಸಂಕವ್ವನ ಗಬ್ಬದ ಎಮ್ಮೆ ಮೇವು ಬಿಟ್ಟು, ಹೊಟ್ಟೆ ಉಬ್ಬಿ ಸತ್ತಿತು. ದನದ ಡಾಕ್ಟರು ಹೊಟ್ಟೆ ಕೊಯ್ದು ಎರಡು ಬುಟ್ಟಿ ಪ್ಲಾಸ್ಟಿಕ್ ತೆಗೆದರು. ಇದೆಲ್ಲವನ್ನೂ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಅವಳು ಹೇಳುವಾಗ ನಾನು ಅಟ್ಟದಿಂದಲೇ ಕೇಳಿಸಿಕೊಂಡೆ.

“ಬಾಯಿಗೆ ಬಂದಂಗ ಬೈದು ಬರಬೇಕಿತ್ತು ಆ ಮಂಟಪದವರಿಗೆ,” ಎಂದಳು ಪ್ರಭಾವತಿ.

“ಯಾರಿಗಂತ ಬೈಯೂದು ಪ್ರಭಕ್ಕಾ? ನಾವೂ ಅದರಾಗ ಉಂಡ ಬಂದವರ ಅದೀವಿ. ಅಟ್ಟದ ಮ್ಯಾಲ ಧೂಳ ತಿನ್ನೂ ತಟ್ಟಿ ಇದ್ರ ಒಂದ ಕೊಡ್ರಿ. ಓಣಿಗಂತ ಮುನ್ನೂರ ಕೂಡಸ್ತೀನಿ. ಯಾರ ಮನ್ಯಾಗ ಕಾರ್ಯ ಆದ್ರೂ ಒಯ್ಲಿ, ತೊಳದು ತಂದಿಡ್ಲಿ.”

ಎರಡು ತಿಂಗಳು ಮನೆ ಮನೆ ತಿರುಗಿದಳು. ಯಾರ್ಯಾರದೋ ಹೆಸರು ಹೊತ್ತ ಮುನ್ನೂರು ತಟ್ಟೆಗಳು ಅವಳ ಕೊಟ್ಟಿಗೆಯ ಪಕ್ಕದ ಕೋಣೆ ಸೇರಿದೆವು.

ಮೊದಲ ಕಾರ್ಯ ಟೇಲರ್ ವಿಠ್ಠಪ್ಪನ ಮಗಳ ಮದುವೆ. ಅವನ ಅಣ್ಣನಿಗೆ ಇದು ಹಿಡಿಸಲಿಲ್ಲ. “ನಳ ಬರೂದು ಎಂಟ ದಿನಕ್ಕೊಮ್ಮೆ. ಇವನ್ನೆಲ್ಲ ತೊಳಿಯಾಕ ನೀರ ಎಲ್ಲಿಂದ ತರ್ತಿ?” ಎಂದ. ಸಂಕವ್ವ ಸಾಲಾಗಿ ಮೂರು ಕಡಾಯಿ ಇಟ್ಟಳು. ಮೊದಲನೆಯದರಲ್ಲಿ ಎಂಜಲು ಬಿಡಿಸಿದ ಮುಸುರೆ ನೀರು ಎಮ್ಮೆಗಳಿಗೆ. ಎರಡನೆಯದರಲ್ಲಿ ಬೂದಿಯಿಂದ ತಿಕ್ಕುವುದು. ಮೂರನೆಯದರಲ್ಲಿ ಬಿಸಿನೀರು.

ಎರಡು ಪಂಕ್ತಿ ಸುಸೂತ್ರವಾಗಿ ಮುಗಿದವು. ಮೂರನೆಯದಕ್ಕೆ ನೀರು ತಳ ಕಂಡಿತು. ಬಾಗಿಲಲ್ಲಿ ಹಸಿದ ಬೀಗರು ನಿಂತಿದ್ದರು. ಅಣ್ಣ ಪ್ಲಾಸ್ಟಿಕ್ ತಟ್ಟೆ ತರಲು ಸ್ಕೂಟರ್ ಹತ್ತಿಯೇ ಬಿಟ್ಟ. ಸಂಕವ್ವ ಮನೆಗೆ ಹೋಗಿ ವಾರಕ್ಕೆಂದು ತುಂಬಿಟ್ಟಿದ್ದ ಕೊಡ ಹೊತ್ತು ತಂದು ಕಡಾಯಿಗೆ ಸುರಿದಳು. ಮತ್ತೆ ಹೋದಳು. ಅದನ್ನು ಕಂಡ ಪ್ರಭಾವತಿ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ತಾನೂ ಒಂದು ಕೊಡ ತಂದಳು. ಆಮೇಲೆ ಓಣಿಯ ಹೆಂಗಸರೆಲ್ಲ ಎದ್ದರು. ಸ್ಕೂಟರ್ ತಿರುಗಿ ಬರುವಷ್ಟರಲ್ಲಿ ನನ್ನ ಮೇಲೆ ಹೋಳಿಗೆ ಬಿದ್ದು ತುಪ್ಪ ಹರಿಯುತ್ತಿತ್ತು. ಅಣ್ಣ ತಂದ ಕಟ್ಟನ್ನು ಬಿಚ್ಚದೆ ಅಂಗಡಿಗೇ ವಾಪಸು ಕೊಟ್ಟ. ಕೊನೆಯ ಪಂಕ್ತಿಯಲ್ಲಿ ಕೂತು ನಮ್ಮಲ್ಲೇ ಉಂಡ.

ಅಲ್ಲಿಂದ ಹದಿನಾಲ್ಕು ವರ್ಷ. ಬಸುರಿಯ ಕುಬಸ, ತೊಟ್ಟಿಲು, ಗೃಹಪ್ರವೇಶ, ತಿಥಿ, ಯಾವುದಕ್ಕೂ ನಾವು ತಪ್ಪಲಿಲ್ಲ. ಓಣಿಯ ಊಟದ ಪ್ಲಾಸ್ಟಿಕ್ ಬೀಳದ್ದರಿಂದ ಗಟಾರದ ನೀರು ಕಟ್ಟದೆ ಹರಿಯಿತು. ಪಕ್ಕದ ಎರಡು ಓಣಿಗಳಲ್ಲೂ ಹೆಂಗಸರು ತಟ್ಟೆ ಕೂಡಿಸಿದರು. ಸಂಕವ್ವನ ಮೊಣಕಾಲು ನೋಯುತ್ತಿತ್ತು. ಆದರೂ ತೊಳೆಯುವವರ ಸಾಲಿನಲ್ಲಿ ಅವಳಿರುತ್ತಿದ್ದಳು. ಅವಳಂಥ ಇನ್ನೊಂದು ಜೀವವನ್ನು ನಾನು ಕಾಣೆ.

ಈಗ ನನ್ನ ಅಂಚು ಸೀಳಿದೆ, ಉಣ್ಣುವವರ ಬೆರಳಿಗೆ ತಾಗುತ್ತದೆ. ನಿನ್ನೆ ಗುಜರಿಯವನು ಬಂದ. ಸಂಕವ್ವ ನನ್ನನ್ನು ಬೂದಿ ಹಚ್ಚಿ ತಿಕ್ಕುತ್ತ ಕೂತಳು.

“ಕರಗಸೂದನ್ನ ಯಾಕ ತೊಳಿತಿ ಬೇ ಯವ್ವಾ?” ಎಂದ ಅವನು.

“ಓಣಿ ಮಂದಿ ಉಂಡದ್ದಪಾ ಇದು. ಎಂಜಲ ಹ್ಯಾಂಗ ಕಳಸೂದು?”

ಸೆರಗಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಗುಜರಿ ಅಂಗಡಿಯ ಮೂಲೆಯಲ್ಲಿ ಕರಗುವ ದಿನ ಕಾಯುತ್ತಿದ್ದೇನೆ. ಕರಗಿ ಇನ್ನೇನೋ ಆಗುತ್ತೇನೆ, ಭಯವಿಲ್ಲ. ಒಂದೇ ಒಂದು ಊಟಕ್ಕೆಂದು ಬಂದ ಆ ಪ್ಲಾಸ್ಟಿಕ್ ತಟ್ಟೆಗಳು ಮಾತ್ರ ಕರಗಲಾರದೆ ಗಟಾರದ ಪಕ್ಕದ ಮಣ್ಣಿನಲ್ಲಿ ಇನ್ನೂ ಹಾಗೇ ಬಿದ್ದಿವೆ.