ಸರ್ದಾರನ ಗಾಜಿನ ಮನೆ

ನನ್ನ ತಮ್ಮ ಪುಣೆಯಿಂದ ಬಿಯರ್ಡೆಡ್ ಡ್ರಾಗನ್ ಎಂಬ ಗಡ್ಡದ ವಿದೇಶಿ ಹಲ್ಲಿ ತಂದುಕೊಟ್ಟ ದಿನ ಮಾವ ಚಂದ್ರಾಮಪ್ಪ ಅಂದದ್ದು ಒಂದೇ ಮಾತು: "ಓತಿಕ್ಯಾತ ಸಾಕ್ತಾರೇನಬೇ ಮನ್ಯಾಗ? ಕಲ್ಲೀಲೆ ಹೊಡದು ಒಗೀರಿ."

ನನ್ನ ಒಂಬತ್ತು ವರ್ಷದ ಮಗಳು ವಿಜಯಶ್ರೀ ಅದನ್ನು ಎದೆಗವಚಿಕೊಂಡಳು. ಅದೂ ಗಡ್ಡ ಉಬ್ಬಿಸಿ ಮುದುಕನನ್ನು ದುರುಗುಟ್ಟಿ ನೋಡಿತು. ಅಂದೇ ಅದಕ್ಕೆ ಸರ್ದಾರ ಎಂದು ಹೆಸರಿಟ್ಟಳು.

ನನಗೂ ಹಟ ಬಂತು. ನಮ್ಮೂರು ಕರಜಗಿಯ ಬಿಸಿಲು ಸಾಲದೇ ಎಂದು ನಗಬೇಡಿ. ಡಿಸೆಂಬರಿನ ಚಳಿಗೆ ಸರ್ದಾರ ಅಲುಗಾಡದೆ ಬಿದ್ದಿರುತ್ತಿದ್ದ. ಅಫಜಲಪುರದಲ್ಲಿ ನಾಲ್ಕಡಿಯ ಗಾಜಿನ ಪೆಟ್ಟಿಗೆ ಮಾಡಿಸಿದೆ. ಒಂದು ತುದಿಗೆ ಬಿಸಿ ಬಲ್ಬು, ಇನ್ನೊಂದು ತುದಿ ತಂಪು, ಮೇಲೆ ತಮ್ಮ ತಂದ, ಬಿಸಿಲಿನಂಥ ಬೆಳಕು ಕೊಡುವ ಯುವಿ ಟ್ಯೂಬು, ಮೈ ಕಾಸಿಕೊಳ್ಳಲು ಸೊನ್ನದ ಹೊಳೆಯಿಂದ ಹೊತ್ತು ತಂದ ಚಪ್ಪಟೆ ಕಲ್ಲು. ಪೆಟ್ಟಿಗೆ ಇಟ್ಟದ್ದು ಮಾತ್ರ ಪಡಸಾಲೆಯಲ್ಲಿ, ಮಾವ ಕುಳಿತು ಎಲೆ ಅಡಿಕೆ ಹಾಕುವ ಮೂಲೆಯಲ್ಲೇ. ಪ್ಲಗ್ಗು ಇದ್ದದ್ದೇ ಅಲ್ಲಿ, ನಾನೇನು ಮಾಡಲಿ!

ಹದಿನೈದು ದಿನ ಮುದುಕ ಬೈದದ್ದೇ ಬೈದದ್ದು. ಒಂದು ಸಂಜೆ ಹೊಲದಿಂದ ಬಂದವನೇ ಡಬ್ಬಿಯೊಂದನ್ನು ಮೊಮ್ಮಗಳ ಕೈಗಿಟ್ಟ. ಒಳಗೆ ತೊಗರಿಯ ಹಸಿರು ಹುಳಗಳು ಮಿಸುಕುತ್ತಿದ್ದವು.

"ನಿನ್ನ ಸರ್ದಾರಗ ಊಟ ತಂದೀನಿ ನೋಡವಾ."

ನಮ್ಮಲ್ಲಿ ತೊಗರಿಗೆ ಹುಳ ಬಿದ್ದರೆ ಗಿಡದ ಬುಡಕ್ಕೆ ಹಳೆ ಸೀರೆ ಹಾಸಿ, ಗಿಡ ಜಾಡಿಸಿ, ಉದುರಿದ್ದನ್ನು ಬಳಿದು ತರುತ್ತಾರೆ. ಇವೂ ಅಂಥವೇ ಎಂದುಕೊಂಡೆ. ಮುದುಕನ ಮನಸ್ಸು ಕೊನೆಗೂ ಕರಗಿತಲ್ಲ ಎಂದು ನನ್ನ ಕಣ್ಣಲ್ಲಿ ನೀರು ಬೇರೆ ಬಂತು, ಥೂ! ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚೇ ಹಾಕಿ ಕೊಟ್ಟೆ.

ವಿಜಯಶ್ರೀ ಒಂದೊಂದೇ ಹುಳ ಬೆರಳಲ್ಲಿ ಹಿಡಿದು ತಿನ್ನಿಸಿದಳು. "ಇನ್ನೊಂದ್ ತಿನ್ನೋ. ಮುತ್ಯಾ ತಂದಾನ."

ಮರುದಿನ ಬೆಳಿಗ್ಗೆ ಸರ್ದಾರ ಕಲ್ಲಿನ ಮೇಲೆ ಬಾಯಿ ತೆರೆದು ಸತ್ತು ಬಿದ್ದಿದ್ದ. ಮಗಳ ಚೀರಾಟಕ್ಕೆ ಓಣಿಯೇ ಎದ್ದಿತು.

ಹಾಲು ತಂದ ಆಳು ಧರ್ಮರಾಜ ಹಿತ್ತಲಲ್ಲಿ ಆ ಡಬ್ಬಿಯಲ್ಲಿ ಉಳಿದ ಹುಳ ನೋಡಿ ಗಾಬರಿಯಾದ. "ಅಕ್ಕಾರ, ಇವು ಎಣ್ಣಿ ಹೊಡದ ಹೊಲದ ಹುಳಾ ಅಲ್ರೀ? ನಿನ್ನೆ ನಾನೇ ಪಂಪ ಹೊತ್ತಿದ್ದೆ. ಇನ್ನಾ ಜೀವ ಇದ್ದವಷ್ಟೇ ಆರಿಸಿ ಕೊಡು ಅಂದ್ರು ದೊಡ್ಡ ಯಜಮಾನ್ರು."

ಹುಳ ಕೊಲ್ಲುವ ಆ ಎಣ್ಣೆ ವಿಷ ಅಂತ ಗೊತ್ತಿದ್ದೇ ತಂದಿದ್ದ! ಮೈಯೆಲ್ಲ ಉರಿದುಹೋಯಿತು. ಇವತ್ತು ಇವನ ಮಾನ ಹರಾಜು ಹಾಕಿಯೇ ಸಿದ್ಧ ಎಂದು ಪಡಸಾಲೆಗೆ ನುಗ್ಗಿದೆ.

ಅಷ್ಟರಲ್ಲಿ ಮುದುಕ ನನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. "ನಿಮ್ಮವ್ವ ಬಲ್ಬ್ ಹಚ್ಚಿ ಸುಟ್ಟಾಳವಾ ಅದನ್ನ. ನಾ ಏನ್ ಮಾಡ್ಲಿ?"

"ಹೌದೇನವ್ವಾ?" ಮಗಳು ನನ್ನತ್ತ ನೋಡಿದಳು.

ನಿಜ ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಆ ವಿಷವನ್ನು ಸರ್ದಾರನ ಬಾಯಿಗೆ ಇಟ್ಟದ್ದು ಅವಳದೇ ಬೆರಳು. ಇದನ್ನು ಕೇಳಿದರೆ ಆ ಕೈಯಲ್ಲಿ ಅವಳು ಇನ್ನು ಹೇಗೆ ಉಂಡಾಳು? ಮುದುಕ ನನ್ನನ್ನೇ ನೋಡುತ್ತ ಎಲೆಗೆ ಸುಣ್ಣ ಹಚ್ಚುತ್ತಿದ್ದ. ನಾನು ಬಾಯಿ ಬಿಡಲಾರೆ ಎಂಬುದು ಅವನಿಗೆ ಗೊತ್ತಿತ್ತು.

"ಹೌದವಾ," ಎಂದೆ. "ಬಿಸಿ ಹೆಚ್ಚಾತು. ನಂದೇ ತಪ್ಪು."

ವಿಜಯಶ್ರೀ ನನಗೆ ಬೆನ್ನು ತಿರುಗಿಸಿ ಮುತ್ಯಾನ ಹೆಗಲಿಗೆ ಮುಖ ಒತ್ತಿಕೊಂಡಳು.

ಅವಳ ತಲೆ ಸವರುತ್ತ ಮುದುಕ ಹೇಳಿದ: "ಆ ಪೆಟಗಿ ತೆಗಸಬೇ. ನನಗ ಕುಂದ್ರಾಕ ಜಾಗ ಆಗ್ಲಿ."